‘ನಮಗ ಹೆಂಗ ಗೊತ್ತಾತು?’: ಸಣ್ಣ ಮಕ್ಕಳಿಗೆ ಸಮಾಜ ಕಲಿಸಿದ ನನ್ನ ಅನುಭವ

ನಾನು ಗದಗ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ನಾಲ್ಕು ಮತ್ತು ಐದನೇ ತರಗತಿ ನನ್ನ ಪಾಲಿಗೆ ಬಂದಿವೆ. ಒಂದರಿಂದ ಮೂರರ ತನಕ ಆಟ, ಚಟುವಟಿಕೆಯ ಮೂಲಕ ಕಲಿಸುವ ನಲಿ-ಕಲಿ. ನಾಲ್ಕು, ಐದಕ್ಕೆ ‘ಪರಿಸರ ಅಧ್ಯಯನ’ ಅಂತ ಒಂದೇ ಪುಸ್ತಕ. ವಿಜ್ಞಾನವೂ ಅದರಲ್ಲೇ, ಸಮಾಜವೂ ಅದರಲ್ಲೇ. ಸಮಾಜ ವಿಜ್ಞಾನ ಅಂತ ಬೇರೆ ಪುಸ್ತಕ ಕೈಗೆ ಬರುವುದು ಆರನೇ ತರಗತಿಗೆ. ಹಾಗಾಗಿ ಬಹಳ ಜನರ ತಲೆಯಲ್ಲಿ ಒಂದು ಲೆಕ್ಕ ಕೂತುಬಿಟ್ಟಿದೆ. ಐದರ ತನಕ ಓದು, ಬರಹ, ಲೆಕ್ಕ ಗಟ್ಟಿಯಾಗಲಿ, ಸಮಾಜ ಆಮೇಲೆ ನೋಡಿಕೊಂಡರಾಯ್ತು ಅಂತ.

ಪಾಲಕರ ಸಭೆಯಲ್ಲೂ ಇದೇ ಮಾತು. ಐದನೇ ತರಗತಿಯ ಮಕ್ಕಳು ಕೇಂದ್ರ ಸರ್ಕಾರದ ವಸತಿ ಶಾಲೆಯಾದ ನವೋದಯದ ಪ್ರವೇಶ ಪರೀಕ್ಷೆ ಬರೆಯುತ್ತಾರೆ. ಅದರಲ್ಲಿ ಮಾನಸಿಕ ಸಾಮರ್ಥ್ಯ, ಗಣಿತ, ಭಾಷೆ ಇರುತ್ತದೆ, ಸಮಾಜ ಇರುವುದಿಲ್ಲ. “ಅಕ್ಕೋರ, ಪರೀಕ್ಷಾದಾಗ ಬರಲಾರದ್ದು ಯಾಕ್ರಿ ಈಗ? ಅದರ ಬದಲಿ ಇನ್ನೊಂದು ತಾಸು ಲೆಕ್ಕ ಮಾಡಸ್ರಿ” ಅಂತ ಒಬ್ಬ ತಂದೆ ನೇರವಾಗಿಯೇ ಕೇಳಿದರು. ಅವರ ಕಾಳಜಿ ಸುಳ್ಳಲ್ಲ. ಮಗ ನವೋದಯಕ್ಕೆ ಆಯ್ಕೆಯಾದರೆ ಆ ಮನೆಯ ದೊಡ್ಡ ಭಾರ ಇಳಿಯುತ್ತದೆ. ಆದರೂ ನಾನು ಸಮಾಜದ ತಾಸನ್ನು ಬಿಟ್ಟುಕೊಟ್ಟಿಲ್ಲ. ಯಾಕೆ ಅಂತ ಹೇಳಬೇಕೆಂದರೆ ಏನು ಮಾಡಿದೆ ಅಂತಲೇ ಹೇಳಬೇಕು.

ನಾನು ಕಲಿಸುವುದು ಮುಖ್ಯವಾಗಿ ಎರಡು ಪ್ರಶ್ನೆ. ಇದನ್ನು ಯಾರು ಮಾಡಿದರು? ಅದು ನಮಗೆ ಹೇಗೆ ಗೊತ್ತಾಯಿತು? ರಾಜರ ಹೆಸರು, ಇಸವಿ, ರಾಜಧಾನಿ ಎಲ್ಲಾ ಬರುತ್ತವೆ, ಆದರೆ ಈ ಎರಡು ಪ್ರಶ್ನೆಯ ಹಿಂದೆ ಬರುತ್ತವೆ. ಒಂಬತ್ತು ಹತ್ತು ವರ್ಷದ ಮಗು ಈ ಪ್ರಶ್ನೆಗಳನ್ನು ಕೇಳಬಲ್ಲದು, ಉತ್ತರ ಹುಡುಕಬಲ್ಲದು. ಆರನೇ ತರಗತಿಗೆ ಬರುವ ಹೊತ್ತಿಗೆ ಪುಸ್ತಕ ದಪ್ಪ ಆಗಿರುತ್ತದೆ, ಮಗು ಬಾಯಿಪಾಠಕ್ಕೆ ಬಿದ್ದಿರುತ್ತದೆ. ಆಗ ಈ ಅಭ್ಯಾಸ ಹಚ್ಚುವುದು ಬಹಳ ಕಷ್ಟ.

ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಶಾಲೆಯ ಹಳೆಯ ದಾಖಲಾತಿ ರಿಜಿಸ್ಟರ್. ಕಪಾಟಿನ ತಳದಲ್ಲಿತ್ತು. ಹಾಳೆ ಹಳದಿಯಾಗಿ ಅಂಚು ಉದುರುತ್ತಿದ್ದವು. ಹೆಡ್ ಮಾಸ್ತರ ಒಪ್ಪಿಗೆ ಪಡೆದು ಒಂದೆರಡು ಪುಟಗಳ ಝೆರಾಕ್ಸ್ ತೆಗೆಸಿದೆ. ಹೆಸರು ಮತ್ತು ಜಾತಿ ಬರೆದಿದ್ದ ಖಾನೆಗಳ ಮೇಲೆ ಕಾಗದ ಅಂಟಿಸಿ ಮುಚ್ಚಿದೆ. ಅದು ಊರಿನವರದೇ ರಿಜಿಸ್ಟರ್, ಅವರ ಮೊಮ್ಮಕ್ಕಳೇ ನನ್ನ ಮುಂದೆ ಕೂತವರು. ಯಾರ ಅಜ್ಜ ಯಾವ ಇಯತ್ತೆಗೆ ಶಾಲೆ ಬಿಟ್ಟ ಅನ್ನುವುದು ತರಗತಿಯ ಸುದ್ದಿ ಆಗಬಾರದು. ಉಳಿದದ್ದು ಹುಟ್ಟಿದ ತಾರೀಖು, ಊರು, ತಾಲ್ಲೂಕು, ಜಿಲ್ಲೆ. ಅಷ್ಟೇ ಸಾಕಿತ್ತು.

ಪುಟ ಕೈಗೆ ಕೊಟ್ಟು ಸುಮ್ನೆ ಕೂತೆ. ಸ್ವಲ್ಪ ಹೊತ್ತಿಗೆ ಒಬ್ಬ ಎದ್ದು ನಿಂತ. “ಅಕ್ಕೋರ, ಇದು ತಪ್ಪೈತ್ರಿ. ಜಿಲ್ಲಾ ಧಾರವಾಡ ಅಂತ ಬರದಾರ. ನಮ್ಮದು ಗದಗ ಅಲ್ಲೇನ್ರಿ?” ಇನ್ನೊಬ್ಬಳು ಹೇಳಿದಳು: “ಇವರು ಧಾರವಾಡದಾಗಿಂದ ಇಲ್ಲಿ ಸಾಲಿಗೆ ಬಂದಿರಬೇಕು.” ಹಾಗಾದರೆ ಎಲ್ಲರೂ ಅಲ್ಲಿಂದಲೇ ಬಂದರಾ? ಊರಿನ ಹೆಸರು ನಮ್ಮದೇ ಇದೆಯಲ್ಲಾ? ಈ ಜಗಳ ನಡೆಯಲಿ ಅಂತ ಬಿಟ್ಟೆ. ಉತ್ತರ ಹೇಳಲಿಲ್ಲ. ಮನೆಯಲ್ಲಿ ಅತಿ ಹಿರಿಯರು ಯಾರೋ ಅವರನ್ನು ಕೇಳಿಕೊಂಡು ಬರಲು ಹೇಳಿದೆ.

ಮರುದಿನ ತರಗತಿ ತುಂಬ ಮಾತು. ಒಬ್ಬಳ ಮುತ್ತಜ್ಜಿ ಹೇಳಿದ್ದರಂತೆ: “ನಾ ಹುಟ್ಟಿದಾಗ ಮುಂಬೈ ಸರ್ಕಾರ ಇತ್ತು. ಆಮ್ಯಾಲೆ ಮೈಸೂರಾತು. ಆಮ್ಯಾಲೆ ಕರ್ನಾಟಕ ಅಂದ್ರು. ನಾ ಮಾತ್ರ ಇದೇ ಮನ್ಯಾಗ ಅದೀನಿ.” ಇದಕ್ಕಿಂತ ಒಳ್ಳೆಯ ಪಾಠ ನಾನು ಎಲ್ಲಿಂದ ತರಲಿ? ಆಗ ಇಸವಿ ಹಾಕಿದೆ. ಧಾರವಾಡ ಜಿಲ್ಲೆ ಮುಂಬೈ ಆಡಳಿತದಲ್ಲಿತ್ತು. 1956ರ ನವೆಂಬರ್ 1ರಂದು ಕನ್ನಡ ಮಾತಾಡುವ ಪ್ರದೇಶಗಳು ಒಂದಾಗಿ ಮೈಸೂರು ರಾಜ್ಯ ಆಯಿತು. 1973ರಲ್ಲಿ ಅದಕ್ಕೆ ಕರ್ನಾಟಕ ಅಂತ ಹೆಸರಿಟ್ಟರು. 1997ರಲ್ಲಿ ಧಾರವಾಡ ಜಿಲ್ಲೆಯಿಂದ ಗದಗ, ಹಾವೇರಿ ಬೇರೆ ಜಿಲ್ಲೆಗಳಾದವು. ಅಂದರೆ ರಿಜಿಸ್ಟರ್ ತಪ್ಪಿಲ್ಲ. ಊರು ಇದ್ದಲ್ಲೇ ಇದೆ, ಗಡಿ ಬದಲಾಗಿದೆ. “ಗಡಿ ಯಾರ ಹಾಕ್ತಾರ್ರಿ?” ಅಂತ ಕೂಡಲೇ ಬಂತು ನೋಡಿ ಪ್ರಶ್ನೆ. ನವೆಂಬರ್ ಒಂದರಂದು ವರ್ಷಾ ವರ್ಷ ಧ್ವಜ ಹಾರಿಸಿ ಚಾಕೊಲೇಟ್ ತಿಂದು ಹೋಗುತ್ತಿದ್ದ ಮಕ್ಕಳಿಗೆ ಆ ದಿನ ಏನಾಗಿತ್ತು ಅಂತ ಅವತ್ತು ತಿಳಿಯಿತು.

ಆದರೆ ಅದೇ ಪುಟದಲ್ಲಿ ಇನ್ನೊಂದು ಸಂಗತಿ ಇತ್ತು. ಅದನ್ನು ಕಂಡುಹಿಡಿದವಳು ಹಿಂದಿನ ಸಾಲಿನಲ್ಲಿ ಕೂರುವ, ಓದುವುದರಲ್ಲಿ ಸ್ವಲ್ಪ ಹಿಂದಿದ್ದ ಹುಡುಗಿ. ಆಕೆ ಅಕ್ಷರ ಬಿಟ್ಟು ಅಂಕಿ ನೋಡುತ್ತಿದ್ದಳು. “ಅಕ್ಕೋರ, ಇವರೆಲ್ಲಾ ಒಂದೇ ದಿನ ಹುಟ್ಟ್ಯಾರ. ಜೂನ್ ಒಂದು, ಜೂನ್ ಒಂದು, ಜೂನ್ ಒಂದು.” ಎಲ್ಲರೂ ಪುಟದ ಮೇಲೆ ಬಗ್ಗಿದರು. ನಿಜ. ಇಸವಿ ಬೇರೆ ಬೇರೆ, ದಿನ ಮಾತ್ರ ಅದೇ.

ಇದು ನಮ್ಮ ಕಡೆ ದೊಡ್ಡವರಿಗೆಲ್ಲ ಗೊತ್ತಿರುವ ವಿಷಯ. ಹುಟ್ಟಿದ ತಾರೀಖು ಮನೆಯಲ್ಲಿ ಯಾರೂ ಬರೆದಿಟ್ಟಿರುತ್ತಿರಲಿಲ್ಲ. ಶಾಲೆಗೆ ಹೆಸರು ಹಚ್ಚಲು ಬಂದಾಗ ಮಾಸ್ತರು ಮಗುವನ್ನು ನೋಡಿ, ವಯಸ್ಸು ಅಂದಾಜು ಮಾಡಿ, ಜೂನ್ ಒಂದು ಅಂತ ಬರೆದುಬಿಡುತ್ತಿದ್ದರು. ಶಾಲೆ ಶುರುವಾಗುವ ತಿಂಗಳು ಅದು, ವಯಸ್ಸಿನ ಲೆಕ್ಕಕ್ಕೂ ಸರಿ ಹೋಗುತ್ತಿತ್ತು. ಮಕ್ಕಳು ಇದನ್ನೂ ಮನೆಯಲ್ಲಿ ಕೇಳಿಕೊಂಡು ಬಂದರು. ಒಬ್ಬ ಅಜ್ಜ “ನಾ ಕಾರ ಹುಣ್ಣಿಮಿ ಆಗಿ ಮೂರು ದಿನಕ್ಕ ಹುಟ್ಟಿದ್ದು, ನಮ್ಮವ್ವ ಹೇಳತಿದ್ಲು” ಅಂದಿದ್ದರು. ಅವರ ಆಧಾರ್ ಕಾರ್ಡಿನಲ್ಲಿ ಈಗಲೂ ಜೂನ್ ಒಂದೇ ಇದೆ.

ಆಗ ನಾನು ಕಪ್ಪು ಹಲಗೆ ಮೇಲೆ ಎರಡು ಮಾತು ಬರೆದೆ. ರಿಜಿಸ್ಟರ್‌ನಲ್ಲಿ ‘ಜಿಲ್ಲೆ ಧಾರವಾಡ’ ಅಂತ ಇದೆ. ರಿಜಿಸ್ಟರ್‌ನಲ್ಲಿ ‘ಜೂನ್ 1’ ಅಂತ ಇದೆ. ಯಾವುದನ್ನು ನಂಬಬೇಕು, ಯಾಕೆ? ಮಕ್ಕಳ ವಾದ ಕೇಳಬೇಕಿತ್ತು ನೀವು. ಜಿಲ್ಲೆಯ ಹೆಸರು ಮಾಸ್ತರಿಗೆ ಗೊತ್ತಿತ್ತು, ಅದನ್ನು ತಪ್ಪು ಬರೆಯಲು ಕಾರಣ ಇಲ್ಲ. ಹುಟ್ಟಿದ ದಿನ ಅವರಿಗೆ ಗೊತ್ತಿರಲಿಲ್ಲ, ಆದರೆ ಖಾನೆ ತುಂಬಬೇಕಿತ್ತು. ಅಜ್ಜನ ತಾಯಿಗೆ ದಿನ ಗೊತ್ತಿತ್ತು, ಆದರೆ ಆಕೆಗೆ ಬರೆಯಲು ಬರುತ್ತಿರಲಿಲ್ಲ. ಹಾಗಾದರೆ ಬರೆದದ್ದೆಲ್ಲಾ ಖರೆ ಅಲ್ಲ, ಬಾಯಿಮಾತೆಲ್ಲಾ ಸುಳ್ಳೂ ಅಲ್ಲ. ಯಾರಿಗೆ ಹೇಗೆ ಗೊತ್ತಿತ್ತು ಅಂತ ನೋಡಬೇಕು. ಈ ಮಾತನ್ನು ನಾನು ಹೇಳಿಕೊಟ್ಟಿಲ್ಲ. ಹತ್ತು ವರ್ಷದ ಮಕ್ಕಳು ತಾವೇ ಅಲ್ಲಿಗೆ ಬಂದು ಮುಟ್ಟಿದರು. ಇವತ್ತು ಮನೆಯ ಮೊಬೈಲಿಗೆ ಏನು ಬಂದರೂ ನಂಬಿ ಮುಂದೆ ಕಳಿಸುವ ಕಾಲ. ಈ ಒಂದು ರೂಢಿ ಮಗುವಿಗೆ ಬಂದರೆ ಅದಕ್ಕೆ ಬೆಲೆ ಕಟ್ಟಲಿಕ್ಕಾಗುತ್ತದಾ?

ಕಾಲದ ಅಂದಾಜು ಮಕ್ಕಳಿಗೆ ಸುಲಭಕ್ಕೆ ಬರುವುದಿಲ್ಲ. ಅವರಿಗೆ ಅಜ್ಜನ ಕಾಲ, ಟಿಪ್ಪುವಿನ ಕಾಲ, ರಾಮಾಯಣದ ಕಾಲ ಎಲ್ಲಾ ಒಂದೇ ‘ಹಿಂದಕ’. ಇದಕ್ಕೆ ಹಗ್ಗ ಕಟ್ಟಿದೆವು. ಹತ್ತು ವರ್ಷಕ್ಕೆ ಒಂದು ಗೇಣು. ಯಾರ ಗೇಣು ಅಂತ ಮೊದಲೇ ಗಲಾಟೆ. ಕೊನೆಗೆ ನನ್ನ ಗೇಣಿನಷ್ಟು ಒಂದು ಕಡ್ಡಿ ಕತ್ತರಿಸಿ ಅದನ್ನೇ ಅಳತೆ ಮಾಡಿಕೊಂಡರು. ಗಣಿತದ ಪಾಠ ಪುಕ್ಕಟೆ ಆಯಿತು. ಮಕ್ಕಳು ಹುಟ್ಟಿದ್ದು ಒಂದು ಗೇಣಿನೊಳಗೆ. ಗದಗ ಜಿಲ್ಲೆ ಮೂರು ಗೇಣಿನೊಳಗೆ. ಕರ್ನಾಟಕ ಅನ್ನುವ ಹೆಸರು ಐದಕ್ಕೆ, ಏಕೀಕರಣ ಏಳರ ಹತ್ತಿರ, ಸ್ವಾತಂತ್ರ್ಯ ಎಂಟರ ಹತ್ತಿರ. ಹಿರಿಯರು ಇಸವಿ ಹೇಳುವುದಿಲ್ಲ, “ಎಪ್ಪತ್ತೆರಡರ ಬರ ಬಿದ್ದಾಗ”, “ಇಂದಿರಾ ಗಾಂಧಿ ಸತ್ತಾಗ” ಅಂತಾರೆ. ಅವಕ್ಕೂ ಚೀಟಿ ಕಟ್ಟಿದೆವು. ಅಪ್ಪನ ಮದುವೆ, ಊರಿಗೆ ಬಸ್ಸು ಬಂದದ್ದು, ಮೊದಲ ಬೋರ್ ಹೊಡೆಸಿದ್ದು, ಎಲ್ಲಾ ಹಗ್ಗದ ಮೇಲೆ ಬಂತು.

ಅದೇ ಹಗ್ಗ ಆಮೇಲೆ ಲಕ್ಕುಂಡಿಗೆ ದಾರಿಯಾಯಿತು. ಗದಗಿನ ಪಕ್ಕದ ಊರು, ನಮ್ಮ ಮಕ್ಕಳಲ್ಲಿ ಕೆಲವರ ಬೀಗರು, ನೆಂಟರು ಅಲ್ಲೇ ಇದ್ದಾರೆ. ಅಲ್ಲಿಯ ಬ್ರಹ್ಮ ಜಿನಾಲಯ ಕಟ್ಟಿಸಿದವರು ದಾನಚಿಂತಾಮಣಿ ಅತ್ತಿಮಬ್ಬೆ. ಶಾಸನದ ಇಸವಿ 1007. ಹಗ್ಗದಲ್ಲಿ ಎಷ್ಟು ಗೇಣಾಗುತ್ತದೆ? ನೂರರ ಮೇಲೆ. ಮಕ್ಕಳು ಕಡ್ಡಿ ಹಿಡಿದು ಅಳೆಯುತ್ತಾ ಗೋಡೆ ಮುಗಿಸಿ, ಬಾಗಿಲು ದಾಟಿ, ಪಡಸಾಲೆ ದಾಟಿ ಅಂಗಳಕ್ಕೆ ಇಳಿದರು. ಬೇವಿನ ಗಿಡದ ಹತ್ತಿರ ನೂರು ಮುಗಿಯಿತು. ತಿರುಗಿ ನೋಡಿದರೆ ಸ್ವಾತಂತ್ರ್ಯದ ಚೀಟಿ ಒಳಗೆ ಗೋಡೆಯ ಮೇಲೆ, ಕಿಟಕಿಯ ಪಕ್ಕದಲ್ಲೇ ಇತ್ತು. “ಅಷ್ಟ್ ಹಿಂದಕೂ ಮಂದಿ ಇದ್ರೇನ್ರಿ ಇಲ್ಲೆ?” ಅಂತ ಒಬ್ಬ ಕೇಳಿದ. ಸಾವಿರ ವರ್ಷ ಅನ್ನುವುದು ಅವನಿಗೆ ಆಗ ಕಂಡಿತು.

ಲಕ್ಕುಂಡಿಗೆ ಕರೆದುಕೊಂಡು ಹೋದಾಗ ಗುಡಿಗಿಂತ ಬಾವಿಗಳ ಹತ್ತಿರ ಜಾಸ್ತಿ ಹೊತ್ತು ನಿಲ್ಲಿಸಿದೆ. ಮುಸುಕಿನ ಬಾವಿಯ ಮೆಟ್ಟಿಲು, ಮೆಟ್ಟಿಲಿನ ಎರಡೂ ಕಡೆ ಇರುವ ಸಣ್ಣ ಗೂಡುಗಳು, ಒಳಗೆ ಇಳಿದ ಹಾಗೆ ತಣ್ಣಗಾಗುವ ಗಾಳಿ. ಗುಡಿ ಅಂದರೆ ಮಕ್ಕಳು ಕೈ ಮುಗಿದು ಮುಂದೆ ಹೋಗುತ್ತಾರೆ. ಬಾವಿ ಅಂದರೆ ಕೇಳುತ್ತಾರೆ. ಇಷ್ಟು ಆಳ ಯಾರು ತೋಡಿದರು? ಮಣ್ಣು ಎಲ್ಲಿಗೆ ಹಾಕಿದರು? ನೀರು ಯಾರ್ಯಾರು ತುಂಬುತ್ತಿದ್ದರು? ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದರು ಅಂತ ಹೇಳಿದಾಗ ಐದನೇ ತರಗತಿಯ ಒಬ್ಬಳು, “ಝೆರಾಕ್ಸ್ ಇರಲಿಲ್ಲಲ್ರಿ, ಒಂದೊಂದೂ ಕೈಲೆ ಬರೀಬೇಕಲ್ರಿ” ಅಂತ ಬೆರಗಾದಳು. ಓಲೆಗರಿಯ ಮೇಲೆ ಕಂಟ, ಅಂದರೆ ಚೂಪಾದ ಲೋಹದ ಕಡ್ಡಿ, ಹಿಡಿದು ಕೊರೆಯಬೇಕು ಅಂದೆ. ಬರೆದವರು ಯಾರು, ಅವರ ಹೆಸರು ಯಾಕೆ ಎಲ್ಲೂ ಇಲ್ಲ ಅಂತ ಅವಳ ಮುಂದಿನ ಪ್ರಶ್ನೆ. ಬಸ್ಸಿನಲ್ಲಿ ಬರುವಾಗಲೂ ಅದನ್ನೇ ಕೇಳುತ್ತಿದ್ದಳು.

ಈಗ ನಕ್ಷೆಯ ವಿಷಯ. ಇದನ್ನು ಬರೆಯಬೇಕೋ ಬೇಡವೋ ಅಂತ ಬಹಳ ಯೋಚಿಸಿದ್ದೇನೆ. ಆದರೆ ಸಮಾಜ ಕಲಿಸುವುದರ ಬೆಲೆ ಏನು ಅಂತ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಇದೇ.

ಶಾಲೆಯ ಅಂಗಳದಲ್ಲಿ ಮಕ್ಕಳಿಂದ ಊರ ನಕ್ಷೆ ಬರೆಸುತ್ತಿದ್ದೆ. ರಂಗೋಲಿ ಪುಡಿ, ಇಟ್ಟಿಗೆ ಚೂರು, ಎಲೆ, ಬೆಣಚುಕಲ್ಲು. ಮೂಡಣ ಯಾವ ಕಡೆ ಅಂತ ಮೊದಲು ಗುರುತು ಹಾಕಿದೆವು. ಆಮೇಲೆ ಅಗಸಿ, ಹನುಮಪ್ಪನ ಗುಡಿ, ದ್ಯಾಮವ್ವನ ಗುಡಿ, ಮಸೂತಿ, ಪಂಚಾಯ್ತಿ, ಹಿಟ್ಟಿನ ಗಿರಣಿ, ಕೆರೆ, ಸೊಸೈಟಿ. ಒಬ್ಬೊಬ್ಬರೂ ತಮ್ಮ ಮನೆ ಜಾಗಕ್ಕೆ ಒಂದು ಕಲ್ಲು ಇಡುತ್ತಿದ್ದರು. ಊರ ಸುತ್ತ ಒಂದು ಗೆರೆ ಎಳೆದು “ಮುಗೀತ್ರಿ ಅಕ್ಕೋರ” ಅಂದರು. ಒಬ್ಬ ಹುಡುಗಿ ಕಲ್ಲು ಹಿಡಿದುಕೊಂಡೇ ನಿಂತಿದ್ದಳು. ಹಳ್ಳದ ಆಚೆಯ ಓಣಿ ನಕ್ಷೆಯಲ್ಲಿ ಇರಲೇ ಇಲ್ಲ. ಆಕೆ ಹೋಗಿ ಗೆರೆಯ ಹೊರಗೆ ತನ್ನ ಕಲ್ಲು ಇಟ್ಟಳು. ಅದೇ ಓಣಿಯ ಇನ್ನಿಬ್ಬರು ಹುಡುಗರೂ ಹೋಗಿ ಅವಳ ಕಲ್ಲಿನ ಪಕ್ಕ ತಮ್ಮ ಕಲ್ಲು ಇಟ್ಟರು. “ಅದು ಊರ ಹೊರಗಿಂದ್ರಿ” ಅಂತ ಗೆರೆ ಎಳೆದವನು ಹೇಳಿದ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಮನೆಯಲ್ಲಿ ಹಾಗೇ ಕೇಳಿ ಬೆಳೆದಿದ್ದಾನೆ.

ನಾನು ಬೈಯಲಿಲ್ಲ. ಬೈದರೆ ಆ ಹುಡುಗ ಸುಮ್ಮನಾಗುತ್ತಾನೆ, ಗೆರೆ ಅವನ ತಲೆಯಲ್ಲಿ ಹಾಗೇ ಉಳಿಯುತ್ತದೆ. ನಮ್ಮ ಎರಡು ಪ್ರಶ್ನೆಯನ್ನೇ ಕೇಳಿದೆ. ಊರು ಇಲ್ಲಿಗೆ ಮುಗಿಯುತ್ತದೆ ಅಂತ ನಮಗೆ ಹೇಗೆ ಗೊತ್ತಾಯಿತು? ಈ ಗೆರೆ ಯಾರು ಹಾಕಿದರು? ಮಕ್ಕಳು ಯೋಚಿಸಿದರು. ಪಂಚಾಯ್ತಿಯ ವಾರ್ಡಿನಲ್ಲಿ ಆ ಓಣಿ ಇದೆ. ವೋಟು ಹಾಕಲು ಅವರು ಇದೇ ಶಾಲೆಗೆ ಬರುತ್ತಾರೆ. ರೇಷನ್ ಇದೇ ಅಂಗಡಿಯಲ್ಲಿ. ಆ ಮಕ್ಕಳು ಇದೇ ತರಗತಿಯಲ್ಲಿ. ಹಾಗಾದರೆ ಗೆರೆ ಯಾವ ಕಾಗದದಲ್ಲಿದೆ? ಯಾವ ಕಾಗದದಲ್ಲೂ ಇಲ್ಲ.

ಮರುದಿನ ಎಲ್ಲರೂ ಆ ಓಣಿಗೆ ಹೋದೆವು. ಉಳಿದ ಓಣಿಗಳಲ್ಲಿ ಏನು ಮಾಡಿದ್ದೆವೋ ಅದನ್ನೇ ಮಾಡಿದೆವು: ಮನೆ ಎಣಿಸಿದೆವು, ನೀರಿನ ನಳ ಎಲ್ಲೆಲ್ಲಿ ಅಂತ ಬರೆದುಕೊಂಡೆವು, ಯಾರು ಯಾವ ಕೆಲಸ ಮಾಡುತ್ತಾರೆ ಅಂತ ಕೇಳಿದೆವು. ಊರಿನ ಅರ್ಧ ಹೊಲಗಳ ಬೋರಿನ ಮೋಟರ್ ಕೆಟ್ಟರೆ ರಿಪೇರಿ ಮಾಡುವವರು ಅದೇ ಓಣಿಯವರು. ಬಿಚ್ಚಿದ ಮೋಟರಿನ ತಾಮ್ರದ ತಂತಿ ಸುತ್ತುವುದನ್ನು ಮಕ್ಕಳು ಸುತ್ತ ಕೂತು ನೋಡಿದರು. ಗೆರೆ ಎಳೆದ ಹುಡುಗ ಅಲ್ಲಿಂದ ಏಳಲೇ ಒಲ್ಲೆ ಅಂದ. ಅವನ ಹೊಲದ ಮೋಟರೂ ಅಲ್ಲೇ ಬಂದಿತ್ತು. ವಾಪಸ್ ಬಂದು ನಕ್ಷೆಯನ್ನು ಮತ್ತೆ ಬರೆದರು. ಹೊಸ ಗೆರೆ ಎಲ್ಲಿ ಎಳೆಯಬೇಕು ಅಂತ ಬಹಳ ಚರ್ಚೆ ಮಾಡಿ, ಕೊನೆಗೆ ಎಲ್ಲರ ಹೊಲಗಳ ಆಚೆಗೆ ಎಳೆದರು.

ಒಂದಿಬ್ಬರು ಪಾಲಕರು ಬಂದು ಕೇಳಿದರು. “ಹುಡುಗರನ್ನ ಅಲ್ಲಿ ಯಾಕ ಕರಕೊಂಡು ಹೋಗಿದ್ರಿ?” ಹೆಡ್ ಮಾಸ್ತರು ನನ್ನ ಪಕ್ಕ ನಿಂತರು. ದಿನಾ ಪ್ರಾರ್ಥನೆ ವೇಳೆ ಸಂವಿಧಾನದ ಪೀಠಿಕೆ ಓದಿಸುತ್ತೇವೆ, ‘ಸ್ಥಾನಮಾನ ಮತ್ತು ಅವಕಾಶಗಳ ಸಮಾನತೆ’ ಅಂತ ನಿಮ್ಮ ಮಕ್ಕಳೇ ಹೇಳುತ್ತಾರೆ, ಅದರ ಅರ್ಥ ತೋರಿಸಿದ್ದೇವೆ ಅಂದರು. ಅಸ್ಪೃಶ್ಯತೆಯನ್ನು ಸಂವಿಧಾನದ 17ನೇ ವಿಧಿ ನಿಷೇಧ ಮಾಡಿದೆ. ಇದನ್ನು ಮುಂದಿನ ತರಗತಿಗಳಲ್ಲಿ ಒಂದು ಅಂಕದ ಪ್ರಶ್ನೆಯಾಗಿ ಕೇಳುತ್ತಾರೆ. ನಮ್ಮ ಮಕ್ಕಳಿಗೆ ಆ ಹೊತ್ತಿಗೆ ಅದು ಬರೀ ಪ್ರಶ್ನೆ ಆಗಿರುವುದಿಲ್ಲ. ಊರು ಬದಲಾಯಿತು ಅಂತ ನಾನು ಹೇಳುತ್ತಿಲ್ಲ. ಒಂದು ತರಗತಿಯ ನಕ್ಷೆ ಬದಲಾಯಿತು.

ಇನ್ನೊಂದು ಕೆಲಸ ಮಕ್ಕಳಿಗೆ ಬಹಳ ಇಷ್ಟವಾಯಿತು. ಗದಗ ತಾಲ್ಲೂಕಿನ ಕಣಗಿನಹಾಳ ಅಂದರೆ ಸಹಕಾರದವರಿಗೆಲ್ಲ ಗೊತ್ತು. 1904ರಲ್ಲಿ ಬ್ರಿಟಿಷ್ ಸರ್ಕಾರ ಸಹಕಾರ ಸಂಘಗಳ ಕಾಯ್ದೆ ತಂದಿತು. ಮರು ವರ್ಷವೇ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಣಗಿನಹಾಳದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದಲ್ಲೇ ಮೊದಲನೆಯದು ಅಂತ ಅದಕ್ಕೆ ಹೆಸರು. ನಮ್ಮ ಮಕ್ಕಳು ‘ಸೊಸೈಟಿ’ ಅಂದರೆ ರೇಷನ್ ಅಕ್ಕಿ, ಗೊಬ್ಬರ ಸಿಗುವ ಜಾಗ ಅಂತ ಮಾತ್ರ ತಿಳಿದಿದ್ದರು. ಆದರೆ ಸಾಲ, ಕಂತು, ಬಡ್ಡಿ ಈ ಮಾತುಗಳು ಅವರಿಗೆ ಚೆನ್ನಾಗಿ ಗೊತ್ತು. ಅವ್ವಂದಿರೆಲ್ಲ ಯಾವುದಾದರೂ ಸಂಘದಲ್ಲಿದ್ದಾರೆ. ವಾರದ ಕಂತಿನ ದಿನ ಮನೆಯಲ್ಲಿ ಏನು ಮಾತು ನಡೆಯುತ್ತದೆ ಅಂತ ಮಕ್ಕಳು ಕೇಳಿಸಿಕೊಂಡೇ ಇರುತ್ತಾರೆ.

ನಾವೂ ಒಂದು ಸೊಸೈಟಿ ಮಾಡೋಣ ಅಂದೆ. ಪೆನ್ಸಿಲ್, ರಬ್ಬರ್, ಶಾರ್ಪನರ್, ಬಿಳಿ ಹಾಳೆ. ಒಬ್ಬೊಬ್ಬರು ಒಂದು ವಸ್ತು ಹಾಕಬೇಕು, ಬೇಕಾದಾಗ ಸಾಲ ತೆಗೆದುಕೊಳ್ಳಬೇಕು, ಶನಿವಾರ ಮರಳಿಸಬೇಕು. ನಿಯಮ ಅವರೇ ಬರೆದರು. ಕಳೆದರೆ ಏನು? ಅರ್ಧ ಪೆನ್ಸಿಲ್ ತಂದರೂ ನಡೆಯುತ್ತದೆ. ಬಡ್ಡಿ? ಬೇಡ ಅಂತ ಎಲ್ಲರೂ ಒಂದೇ ದನಿಯಲ್ಲಿ. ಕಷ್ಟದ ಪ್ರಶ್ನೆ ಬಂದದ್ದು ಆಮೇಲೆ. ಹಾಕಲು ಏನೂ ಇಲ್ಲದವನು ಸದಸ್ಯ ಆಗಬಹುದಾ? ಒಬ್ಬ ಹುಡುಗನ ಅಪ್ಪ ಅವ್ವ ದುಡಿಯಲು ಗೋವಾಕ್ಕೆ ಹೋಗಿದ್ದರು, ಅವನು ಅಜ್ಜಿಯ ಹತ್ತಿರ ಇದ್ದ. ಅವನ ಹತ್ತಿರ ಇದ್ದದ್ದೇ ಒಂದು ತುಂಡು ಪೆನ್ಸಿಲ್. “ಹಾಕಲಾರದವರಿಗೂ ಕೊಟ್ರ ಎಲ್ಲಾರೂ ಹಾಕಾಕ ಒಲ್ಲೆ ಅಂತಾರ” ಅಂತ ಒಬ್ಬಳು. “ಅವಂಗ ಬೇಕಾಗೇತಿ, ಅದಕ್ಕ ಅಲ್ಲೇನ ಸೊಸೈಟಿ ಮಾಡಿದ್ದು?” ಅಂತ ಇನ್ನೊಬ್ಬ. ದೊಡ್ಡವರು ಇಂದಿಗೂ ಬಗೆಹರಿಸದ ವಾದ ಇದು. ಮಕ್ಕಳು ತೆಗೆದ ತೀರ್ಮಾನ: ಅವನು ಲೆಕ್ಕ ಇಡಬೇಕು, ಅದೇ ಅವನ ಪಾಲು. ಅವನ ಅಕ್ಷರ ದುಂಡಗಿದ್ದವು. ಸಾಲದ ವಹಿ ಇಡೀ ವರ್ಷ ಅವನ ಕೈಯಲ್ಲೇ ಇತ್ತು, ಒಂದು ತಪ್ಪಿಲ್ಲ.

ಅದೇ ಹುಡುಗನಿಗಾಗಿ ಗೋಡೆಯ ಭೂಪಟ ತೆಗೆದೆವು. ಗದಗಿನಿಂದ ಹುಬ್ಬಳ್ಳಿ, ಧಾರವಾಡ, ಲೋಂಡಾ, ಕ್ಯಾಸಲ್‌ರಾಕ್ ದಾಟಿ ಗೋವಾ ತನಕ ರೈಲು ಹಳಿಯ ಮೇಲೆ ಬೆರಳು ಓಡಿಸಿದ. ಆಮೇಲೆ ಬೇರೆಯವರೂ ಬಂದರು, ಮಂಗಳೂರು ಎಲ್ಲಿದೆ, ಪುಣೆ ಎಲ್ಲಿದೆ ಅಂತ. ಭೂಪಟ ಕಲಿಸಲು ನನಗೆ ಬೇರೆ ಪೀಠಿಕೆ ಬೇಕಾಗಲಿಲ್ಲ.

ರಾಷ್ಟ್ರಧ್ವಜದ ಬಗ್ಗೆ ಒಂದೇ ಮಾತು. ಅದನ್ನು ದೆಹಲಿಯಿಂದ ತರುತ್ತಾರೆ ಅಂತ ಮಕ್ಕಳು ತಿಳಿದಿರುತ್ತಾರೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ಧ್ವಜ ಹೊಲಿಯುತ್ತಾರೆ, ಧಾರವಾಡದ ಗರಗದಲ್ಲಿ ಧ್ವಜದ ಖಾದಿ ಬಟ್ಟೆ ನೇಯುತ್ತಾರೆ ಅಂತ ಹೇಳಿ ನೋಡಿ. ನೂಲುವವರು, ನೇಯುವವರು, ಹೊಲಿಯುವವರಲ್ಲಿ ಹೆಣ್ಣುಮಕ್ಕಳೇ ಜಾಸ್ತಿ ಅಂತಲೂ ಹೇಳಿ. ಮುಂದಿನ ಆಗಸ್ಟ್ ಹದಿನೈದಕ್ಕೆ ಮಕ್ಕಳು ಧ್ವಜ ನೋಡುವ ರೀತಿಯೇ ಬೇರೆ.

ನೀರಿನ ವಿಷಯ ನಮ್ಮ ಜಿಲ್ಲೆಯಲ್ಲಿ ಬಿಡಲಿಕ್ಕಾಗುವುದಿಲ್ಲ. ಹಲವು ಊರುಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲಿಗೂ ಎಲುಬಿಗೂ ತೊಂದರೆ. ಅದಕ್ಕೇ ಊರೂರಿಗೆ ಶುದ್ಧ ನೀರಿನ ಘಟಕ ಬಂದಿವೆ. ನಾಣ್ಯ ಹಾಕಿದರೆ ಕೊಡ ತುಂಬುತ್ತದೆ. ನಮ್ಮ ಕಡೆ ಒಂದು ಘಟಕ ಕೆಟ್ಟು ಹಾಗೇ ನಿಂತಿತ್ತು. ಮಕ್ಕಳು ಬೆಳಿಗ್ಗೆ ಸೈಕಲ್ಲಿಗೆ ಕೊಡ ಕಟ್ಟಿಕೊಂಡು ಪಕ್ಕದ ಊರಿಗೆ ಹೋಗಿ ಬರುತ್ತಿದ್ದರು, ತರಗತಿಯಲ್ಲಿ ತೂಕಡಿಸುತ್ತಿದ್ದರು.

ಪತ್ರ ಬರೆಯೋಣ ಅಂದಾಗ ಅವರು ಮೊದಲು ಬರೆದದ್ದು ಪುಸ್ತಕದ ಪತ್ರ: “ಮಾನ್ಯರೇ, ನಮ್ಮ ಊರಿನಲ್ಲಿ ನೀರಿನ ಸಮಸ್ಯೆ ಇದೆ, ದಯವಿಟ್ಟು ಸರಿಪಡಿಸಿ.” ಇದನ್ನು ಓದಿದವರಿಗೆ ಏನು ಗೊತ್ತಾಗುತ್ತದೆ ಅಂತ ಕೇಳಿದೆ. ಏನೂ ಇಲ್ಲ. ಮತ್ತೆ ಬರೆದರು. ಘಟಕ ಯಾವತ್ತಿನಿಂದ ನಿಂತಿದೆ, ಎಷ್ಟು ಮನೆಯವರು ಅದರ ನೀರು ಕುಡಿಯುತ್ತಿದ್ದರು, ಈಗ ಎಷ್ಟು ದೂರ ಹೋಗುತ್ತಾರೆ, ಯಾವ ಮಕ್ಕಳು ಶಾಲೆಗೆ ತಡವಾಗಿ ಬರುತ್ತಿದ್ದಾರೆ. ಓಣಿ ಓಣಿ ತಿರುಗಿ ಲೆಕ್ಕ ತಂದರು. ನಕ್ಷೆ ಕೆಲಸಕ್ಕೆ ಬಂತು. ವರ್ಷಕ್ಕೊಮ್ಮೆ ಮಕ್ಕಳ ಗ್ರಾಮ ಸಭೆ ನಡೆಯುತ್ತದೆ. ಎಷ್ಟೋ ಕಡೆ ಅದು ಭಾಷಣ, ಹಾರ, ಬಿಸ್ಕಿಟ್‌ಗೆ ಮುಗಿಯುತ್ತದೆ. ಆ ಸಲ ಐದನೇ ತರಗತಿಯ ಒಬ್ಬಳು ಎದ್ದು ಈ ಪತ್ರ ಓದಿದಳು. ಓದಿ ಕೂರಲಿಲ್ಲ, “ಯಾವಾಗ ಮಾಡ್ತೀರಿ ಅಂತ ಹೇಳ್ರಿ, ಬರಕೋತೀನಿ” ಅಂದಳು. ಸಭೆಯಲ್ಲಿದ್ದವರು ನಕ್ಕರು, ಆದರೆ ತಾರೀಖು ಹೇಳಿದರು. ಹೇಳಿದ ತಾರೀಖಿಗೆ ಆಗಲಿಲ್ಲ. ಆಮೇಲೆ ಆಯಿತು. ಕೆಲವು ತಿಂಗಳಿಗೆ ಮತ್ತೆ ಕೆಟ್ಟಿತು, ಮತ್ತೆ ಪತ್ರ ಹೋಯಿತು. ಯಾವ ಕೆಲಸ ಯಾರ ಕೈಯಲ್ಲಿದೆ, ಅವರನ್ನು ಮರ್ಯಾದೆಯಿಂದ, ಆದರೆ ಬಿಡದೆ ಹೇಗೆ ಕೇಳಬೇಕು ಅನ್ನುವುದು ಹತ್ತು ವರ್ಷಕ್ಕೇ ಗೊತ್ತಾದರೆ, ಮುಂದೆ ಕಚೇರಿಯ ಬಾಗಿಲಲ್ಲಿ ಕೈಕಟ್ಟಿ ನಿಲ್ಲುವ ಅಂಜಿಕೆ ಕಡಿಮೆಯಾಗುತ್ತದೆ. ನಮ್ಮ ಕಡೆಯ ಮಕ್ಕಳಿಗೆ ಇದು ಇಂಗ್ಲಿಷಿನಷ್ಟೇ ಬೇಕು.

ಲೆಕ್ಕ, ಭಾಷೆ ಹಿಂದೆ ಬೀಳುತ್ತವೆ ಅನ್ನುವ ಭಯಕ್ಕೆ ನನ್ನ ಉತ್ತರ ಇಷ್ಟೇ. ನಮ್ಮ ಮಕ್ಕಳು ಅತಿ ಜಾಸ್ತಿ ಬರೆದದ್ದು ಈ ತಾಸುಗಳಲ್ಲೇ. ಅಜ್ಜಿ ಹೇಳಿದ್ದನ್ನು ಬರೆದುಕೊಂಡು ಬರಲು ಹೇಳಿದರೆ ಎರಡು ಪುಟ ತರುತ್ತಾರೆ. ‘ನನ್ನ ಶಾಲೆ’ ಅಂತ ಪ್ರಬಂಧ ಕೊಟ್ಟರೆ ಐದು ಸಾಲಿಗೆ ನಿಲ್ಲುತ್ತಾರೆ. ಜೂನ್ ಒಂದು ಕಂಡುಹಿಡಿದ ಹುಡುಗಿ ಆ ವರ್ಷದ ಕೊನೆಗೆ ಸರಾಗ ಓದುತ್ತಿದ್ದಳು. ಅವಳಿಗೆ ಓದಲು ಕಾರಣ ಸಿಕ್ಕಿತ್ತು. ಇನ್ನು, ಸಣ್ಣ ಮಕ್ಕಳಿಗೆ ಜಾತಿ, ಬಡತನ, ಸರ್ಕಾರ ಇವೆಲ್ಲ ತಿಳಿಯುವುದಿಲ್ಲ ಅಂತಾರೆ. ತಿಳಿಯದೇ ಏನು, ಅವರು ಅದರಲ್ಲೇ ಬದುಕುತ್ತಿದ್ದಾರೆ. ನಾವು ಮಾತಾಡದಿದ್ದರೆ ಬೇರೆ ಯಾರೋ ಹೇಳಿಕೊಟ್ಟದ್ದನ್ನೇ ಖರೆ ಅಂತ ನಂಬುತ್ತಾರೆ.

ಕೆಲವು ಶಿಕ್ಷಕರು ಫೋನ್ ಮಾಡಿ ಎಲ್ಲಿಂದ ಶುರು ಮಾಡಲಿ ಅಂತ ಕೇಳುತ್ತಾರೆ. ಪ್ರಶ್ನೋತ್ತರ ಬರೆಸುವುದನ್ನು ಒಂದು ತಿಂಗಳು ಪಕ್ಕಕ್ಕಿಡಿ. ಕಪಾಟಿನಲ್ಲಿ ಹಳೆಯ ರಿಜಿಸ್ಟರ್ ಇದೆಯಾ ನೋಡಿ, ಇದ್ದರೆ ಮೂಲ ಪ್ರತಿ ಮಕ್ಕಳ ಕೈಗೆ ಕೊಡಬೇಡಿ, ಝೆರಾಕ್ಸ್ ಮಾಡಿಸಿ, ಹೆಸರು ಜಾತಿ ಮುಚ್ಚಿ. ನಕ್ಷೆಯನ್ನು ನೆಲದ ಮೇಲೆ ಬರೆಸಿ, ಕಾಗದದ ಮೇಲೆ ಬರೆಸಿದರೆ ಅಕ್ಷರ ಚೆಂದ ಇದ್ದವರು ಮಾತ್ರ ಬರೆಯುತ್ತಾರೆ. ಮಕ್ಕಳು ಮನೆಯಿಂದ ತಂದ ಉತ್ತರ ಒಂದಕ್ಕೊಂದು ತಾಳೆಯಾಗದಿದ್ದರೆ ಗಾಬರಿಯಾಗಬೇಡಿ, ಅಲ್ಲಿಂದಲೇ ಪಾಠ ಶುರುವಾಗುತ್ತದೆ. ಲಕ್ಕುಂಡಿಗೆ ಹೋಗುವುದಾದರೆ ನವೆಂಬರ್ ಆದ ಮೇಲೆ ಹೋಗಿ, ಬೆಳಿಗ್ಗೆ ಬೇಗ ಮುಟ್ಟಿ. ಬೇಸಿಗೆಯ ಮಧ್ಯಾಹ್ನ ಗುಡಿಯ ಕಲ್ಲು ಎಷ್ಟು ಕಾಯುತ್ತದೆ ಅಂದರೆ ಚಪ್ಪಲಿ ಬಿಟ್ಟ ಮಕ್ಕಳು ನಿಂತು ನೋಡಲಾರರು. ಬಾವಿಗಳ ಹತ್ತಿರ ಇಬ್ಬರು ಶಿಕ್ಷಕರಾದರೂ ಜೊತೆಗಿರಿ, ಒಬ್ಬರು ಮೇಲೆ, ಒಬ್ಬರು ಕೆಳಗಿನ ಮೆಟ್ಟಿಲಲ್ಲಿ.